ಕಾಕಾರನ್ನು ಗಿರಣಿಗೆ ಕಳಿಸಿದ್ದು ನಾನೇ

ನಾನು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ದಿನ, ಅಲ್ಲಿ ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಹಳೆಯ ಕೆಲಸಗಾರರು ನನ್ನ ಎರಡೂ ಕೈಗಳಲ್ಲಿ ಒಂದೊಂದು ಕಲ್ಲು ಇಟ್ಟು, “ಯಾವುದು ಚಲೋದು, ಹೇಳ್ರಿ ನೋಡೂಣು ಬಾಯಾರ,” ಎಂದರು. ಎರಡೂ ಕಪ್ಪಗಿದ್ದವು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದವಳು, ಆದರೆ ಅದಿರನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಸ್ವಲ್ಪ ಹೊಳೆಯುತ್ತಿದ್ದ ಕಲ್ಲನ್ನು ಎತ್ತಿ ತೋರಿಸಿದೆ. ಕಾಕಾ ಕಣ್ಣು ಮುಚ್ಚಿಹೋಗುವ ಹಾಗೆ ನಕ್ಕರು.

“ಅದರಾಗ ಬರೇ ಕಬ್ಬಣ ಐತ್ರಿ. ಹೊಳಪು ನೋಡಬ್ಯಾಡ್ರಿ, ಕೈಗೆ ಮಸಿ ಹತ್ತೇತೇನು ನೋಡ್ರಿ.”

ಇನ್ನೊಂದು ಕೈಯ ಬೆರಳುಗಳೆಲ್ಲ ಕಪ್ಪಾಗಿದ್ದವು. ಅದು ಮ್ಯಾಂಗನೀಸ್.

ಕಾರ್ಖಾನೆ ದೊಡ್ಡದೇನಲ್ಲ. ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯಲ್ಲಿ, ಮೊದಲು ಕಟ್ಟಿಗೆ ಕೊಯ್ಯುವ ಮಿಲ್ಲಾಗಿದ್ದ ಜಾಗ. ತಗಡಿನ ಎರಡು ಶೆಡ್ಡು, ನಡುವೆ ಅಂಗಳ, ಮೂಲೆಯಲ್ಲಿ ನನ್ನ ಲ್ಯಾಬು. ಜೋಯಿಡಾ ಕಡೆಯ ಹಳೆಯ ಗಣಿಗಳು ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಒಳ್ಳೆಯ ಅದಿರು ಆಗಲೇ ಲಾರಿ ಹತ್ತಿ ಹೋಗಿತ್ತು. ಯಾರಿಗೂ ಬೇಡವಾದ ಕಳಪೆ ಅದಿರು ಮಾತ್ರ ರಾಶಿ ರಾಶಿ ಉಳಿದಿತ್ತು. ಅದನ್ನು ತಂದು, ಆಮ್ಲದಲ್ಲಿ ಕರಗಿಸಿ, ಕರೆಂಟು ಹರಿಸಿ ಶುದ್ಧ ಲೋಹ ತೆಗೆಯಬೇಕೆಂಬುದು ನಮ್ಮ ಸಾಹೇಬರ ಹಟ. ಅವರಿಗೆ ಎಪ್ಪತ್ತು ಸಮೀಪಿಸಿತ್ತು. ಅದೇ ಗಣಿಗಳಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಕಾಕಾ ಅವರ ಕೈಕೆಳಗೆ ಅಲ್ಲಿಯೇ ದುಡಿದವರು. ಸಾಹೇಬರು ಈ ಕೆಲಸ ಶುರುಮಾಡಿದಾಗ ಮೊದಲು ಹುಡುಕಿಕೊಂಡು ಹೋದದ್ದು ಕಾಕಾರ ಮನೆಗಂತೆ.

ಕೆಲಸದ ಕ್ರಮ ಹೀಗಿತ್ತು. ಮೊದಲ ಶೆಡ್ಡಿನಲ್ಲಿ ಗಿರಣಿ. ಅಂದರೆ ಒಳಗೆ ಉಕ್ಕಿನ ಗುಂಡುಗಳನ್ನು ಹಾಕಿದ ದೊಡ್ಡ ಡ್ರಮ್ಮು. ಅದು ತಿರುಗುತ್ತ ಅದಿರನ್ನು ಹಿಟ್ಟಿನ ಹಾಗೆ ಪುಡಿ ಮಾಡುತ್ತಿತ್ತು. ಆ ಹುಡಿಯನ್ನು ಕಲ್ಲಿದ್ದಲ ಹುಡಿಯ ಜೊತೆ ಕಾಯಿಸಿ, ಆಮ್ಲದಲ್ಲಿ ಕರಗಿಸಿ, ಅಮೋನಿಯಾ ಹಾಕಿ ಕಬ್ಬಿಣವನ್ನು ಕೆಳಗೆ ಕೂರಿಸಬೇಕು. ಉಳಿದ ತಿಳಿ ನೀರು ತೆಳುಗುಲಾಬಿ ಬಣ್ಣದ್ದು. ಅದನ್ನು ಎರಡನೆಯ ಶೆಡ್ಡಿನ ತೊಟ್ಟಿಗಳಿಗೆ ಬಿಟ್ಟರೆ, ಅಲ್ಲಿ ಇಳಿಬಿಟ್ಟ ಸ್ಟೀಲ್ ಪ್ಲೇಟುಗಳ ಮೇಲೆ ಲೋಹ ಕೂರಬೇಕು. ಕೂರಬೇಕು ಎಂದು ಪುಸ್ತಕದಲ್ಲಿತ್ತು. ನಮ್ಮಲ್ಲಿ ತಿಂಗಳುಗಟ್ಟಲೆ ಕೂರಲಿಲ್ಲ. ಪ್ಲೇಟು ಎತ್ತಿದರೆ ಕರಿ ಲೋಳೆ, ಇಲ್ಲವೇ ತೂತುತೂತಾದ ಹಕ್ಕಳೆ.

ನಮ್ಮ ಮನೆ ದಾಂಡೇಲಿಯ ಅಂಬೇವಾಡಿಯಲ್ಲಿ. ಅಬ್ಬಾ ಕಾಗದದ ಮಿಲ್ಲಿನಲ್ಲಿ ಫಿಟ್ಟರ್. ಬೆಳಿಗ್ಗೆ ಬಸ್ಸು ಹಿಡಿದು ಕಾರ್ಖಾನೆಗೆ ಬಂದರೆ ಕಾಕಾ ಆಗಲೇ ಬಂದಿರುತ್ತಿದ್ದರು. ವಾರದ ದಿನಗಳಲ್ಲಿ ಅಲ್ಲಿಯೇ ಒಂದು ಖೋಲಿಯಲ್ಲಿ ಉಳಿದು, ಶನಿವಾರ ಜೋಯಿಡಾ ದಾಟಿ ರಾಮನಗರದ ರಸ್ತೆಯಲ್ಲಿರುವ ತಮ್ಮ ಹಳ್ಳಿಗೆ ಹೋಗುತ್ತಿದ್ದರು. ಅರ್ಧ ದಿನ ಗಿರಣಿ, ಅರ್ಧ ದಿನ ತೊಟ್ಟಿ, ಹೀಗೆ ಅವರ ಪಾಳಿ. ಕೊರಳಲ್ಲಿ ತುಳಸಿಮಣಿಯ ಮಾಲೆ, ಅವರ ಮಾತಿನಲ್ಲಿ ಮಾಳ. ಅದನ್ನು ಹಾಕಿಕೊಂಡವರು ಮಾಂಸ, ಹೆಂಡ ಮುಟ್ಟುವುದಿಲ್ಲ.

ಮೊದಲ ರಂಜಾನಿನಲ್ಲಿ ನಾನು ರೋಜಾ ಇದ್ದೆ. ತೊಟ್ಟಿಗಳ ಮೇಲಿನ ಹಲಗೆ ಹತ್ತಿ ಗಂಟೆಗೊಮ್ಮೆ ಸ್ಯಾಂಪಲ್ ತರುವುದು ನನ್ನ ಕೆಲಸ. ಅಮೋನಿಯಾದ ಘಾಟಿಗೆ ಒಣಗಿದ ಗಂಟಲು ಉರಿಯುತ್ತಿತ್ತು. ಎರಡನೆಯ ದಿನ ನೋಡಿದರೆ ಸ್ಯಾಂಪಲ್ ಬಾಟಲಿಗಳೆಲ್ಲ ನಂಬರು ಬರೆಸಿಕೊಂಡು ನನ್ನ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು.

“ನೀವು ಯಾಕ ತಂದ್ರಿ ಕಾಕಾ?”

“ನಿಮ್ಮ ಉಪವಾಸ ಮುಗಿಯೂತನಕ ನೀವು ಮ್ಯಾಲ ಹತ್ತಬ್ಯಾಡ್ರಿ. ಚಕ್ಕರ ಬಂದು ಬಿದ್ದಗಿದ್ದೀರಿ.”

ತಿಂಗಳಿಡೀ ಅವರೇ ತಂದುಕೊಟ್ಟರು.

ಲೋಹ ಯಾಕೆ ಕೂರುತ್ತಿಲ್ಲವೆಂದು ಕೊನೆಗೆ ಗೊತ್ತಾಯಿತು. ದ್ರಾವಣದಲ್ಲಿ ಕೋಬಾಲ್ಟು, ನಿಕ್ಕಲ್ಲು ಉಳಿದುಬಿಡುತ್ತಿದ್ದವು. ಅಷ್ಟು ಸಣ್ಣ ಪ್ರಮಾಣ ಸಾಕು, ಕೂತ ಮ್ಯಾಂಗನೀಸನ್ನು ಮತ್ತೆ ಕರಗಿಸಿಬಿಡಲು. ಅವನ್ನು ತೆಗೆಯಲು ಸಲ್ಫೈಡ್ ಹಾಕುವ ಹಂತವನ್ನು ನಾನು ಬದಲಿಸಿದೆ. ಅಂಗಳದ ತುಂಬ ಕೊಳೆತ ಮೊಟ್ಟೆಯ ವಾಸನೆ. ಆಚೆಯ ಢಾಬಾದವರು ಬಂದು ಜಗಳ ಮಾಡಿ ಹೋದರು. ಆದರೆ ಮರುದಿನ ಎತ್ತಿದ ಪ್ಲೇಟು ಬೂದುಬೆಳ್ಳಗೆ, ಗಟ್ಟಿಯಾಗಿ, ಒಂದೇ ಸಮ ಇತ್ತು. ಕಾಕಾ ಅದನ್ನು ತೊಳೆದು ಒಣಗಿಸಿ, ಮರದ ಕೊಡತಿಯಿಂದ ಹಿಂಬದಿಗೆ ಹೊಡೆದರು. ಲೋಹ ಚಕ್ಕೆ ಚಕ್ಕೆಯಾಗಿ ಬಳೆ ಒಡೆದ ಸದ್ದು ಮಾಡುತ್ತ ಕೆಳಗೆ ಸುರಿಯಿತು. ಸಾಹೇಬರು ಒಂದು ಚಕ್ಕೆ ಎತ್ತಿಕೊಂಡು ಶೆಡ್ಡಿನ ಹೊರಗೆ ಹೋಗಿ, ನಮಗೆ ಬೆನ್ನು ಹಾಕಿ ಬಹಳ ಹೊತ್ತು ನಿಂತರು. ಕಾಕಾ ಮೆಲ್ಲಗೆ ನನಗೆ, “ಅಳಾಕತ್ತಾರ್ರಿ. ಈಗ ಹೋಗಬ್ಯಾಡ್ರಿ,” ಎಂದರು.

ಆ ಬೇಸಿಗೆಯ ಒಂದು ಮಧ್ಯಾಹ್ನ ಗಾಳಿಮಳೆ ಬಂದು ಕರೆಂಟು ಹೋಯಿತು. ಜನರೇಟರ್ ಹತ್ತಲಿಲ್ಲ. ಕರೆಂಟು ನಿಂತರೆ ಕೂತ ಲೋಹ ದ್ರಾವಣಕ್ಕೆ ವಾಪಸು ಕರಗುತ್ತದೆ; ಪ್ಲೇಟಿನ ಮೇಲೆ ಗುಳ್ಳೆ ಏಳುವುದು ಕಣ್ಣಿಗೇ ಕಾಣುತ್ತದೆ. ಎಲ್ಲರೂ ಜನರೇಟರ್ ಸುತ್ತ ನಿಂತು ಕೂಗಾಡುತ್ತಿದ್ದಾಗ ಕಾಕಾ ಒಬ್ಬರೇ ಹಲಗೆ ಹತ್ತಿ, ಎರಡೆರಡು ಪ್ಲೇಟು ಒಟ್ಟಿಗೆ ಎತ್ತಿ ನೀರಿನ ತೊಟ್ಟಿಗೆ ಇಳಿಸುತ್ತ ಓಡಾಡಿದರು. ಒದ್ದೆ ಹಲಗೆಯ ಮೇಲೆ ಅವರ ಕಾಲು ಒಮ್ಮೆಯೂ ಜಾರಲಿಲ್ಲ. ಅರವತ್ತು ದಾಟಿದ ಮನುಷ್ಯ. ಅವರು ಹೀಗೆ ನಡೆದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ ಎಂಬುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಮೇಲಿನ ಒಂದು ವರ್ಷ ಲೋಹ ಬರುತ್ತಲೇ ಇತ್ತು. ಗಿರಣಿ ಮೊದಲಿಗಿಂತ ಹೆಚ್ಚು ಹೊತ್ತು ತಿರುಗಬೇಕಾಯಿತು, ಯಾಕೆಂದರೆ ಕಳಪೆ ಅದಿರಿನಲ್ಲಿ ಲೋಹ ಕಡಿಮೆ. ಒಂದು ಬುಟ್ಟಿ ಚಕ್ಕೆಗೆ ಗಾಡಿಗಟ್ಟಲೆ ಕಲ್ಲು ಬೀಸಬೇಕು. ಹುಡಿ ಗಾಳಿಗೆ ಹಾರಿಹೋಗಿ ನಷ್ಟವಾಗುತ್ತಿದೆ, ಬೀಸುವಾಗ ಗಿರಣಿ ಶೆಡ್ಡಿನ ಬಾಗಿಲು ಕಿಟಕಿ ಮುಚ್ಚಿರಬೇಕು ಎಂದು ಗೋಡೆಗೆ ಚೀಟಿ ಅಂಟಿಸಿದವಳು ನಾನೇ. ಕೆಳಗೆ ನನ್ನ ಸಹಿ ಇತ್ತು.

ಮೊದಲು ನಾನು ಗಮನಿಸಿದ್ದು ಕಾಕಾರ ಅಕ್ಷರ. ತೊಟ್ಟಿಗಳ ಬಿಸಿ, ವೋಲ್ಟೇಜು ಎಲ್ಲವನ್ನೂ ಅವರು ಒಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಮರಾಠಿ ಶಾಲೆಯಲ್ಲಿ ಏಳನೆಯ ತನಕ ಓದಿದವರು. ದೇವನಾಗರಿಯಲ್ಲಿ ಗುಂಡಗೆ, ಗೆರೆ ತುಂಬಿ ಬರೆಯುವ ಕೈ. ಆ ಅಂಕಿಗಳು ಮೆಲ್ಲಮೆಲ್ಲಗೆ ಸಣ್ಣದಾದವು. ಸಾಲಿನ ಮೊದಲಲ್ಲಿ ಒಂದು ಗಾತ್ರ, ಕೊನೆಗೆ ಬರುವಷ್ಟರಲ್ಲಿ ಇರುವೆ ಹರಿದ ಹಾಗೆ. ನಾನು ಚೇಷ್ಟೆ ಮಾಡಿದೆ.

“ಏನ್ ಕಾಕಾ, ಸಾಹೇಬರ ಕಾಗದ ಉಳಸಾಕತ್ತೀರೇನು?”

“ದೊಡ್ಡದು ಬರೀಬೇಕು ಅಂತೇನ್ರಿ. ಕೈ ಕೇಳವಲ್ದು.”

ನಾನು ನಕ್ಕೆ. ಅವರು ನಗಲಿಲ್ಲ. ಆ ಸಲದ ಈದ್‌ಗೆ ಶೀರ್ ಖುರ್ಮಾ ಒಯ್ದು ಕೊಟ್ಟಾಗಲೂ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಗೋಡೆ ನೋಡುತ್ತ ತಿಂದು ಡಬ್ಬಿ ತೊಳೆದು ಕೊಟ್ಟರು. ನನಗೆ ಬೇಸರವಾಯಿತು. ಯಾವುದಕ್ಕೋ ಸಿಟ್ಟಾಗಿದ್ದಾರೆ ಎಂದುಕೊಂಡು ಎರಡು ದಿನ ನಾನೂ ಮಾತು ಕಡಿಮೆ ಮಾಡಿದೆ.

ಒಂದು ದಿನ ಅವರು ಪ್ಲೇಟು ಹಿಡಿದು ಹೋಗುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು. ಅವರು ತಿರುಗಲು ಹೋಗಿ, ಹಿಂದೆ ಹಿಂದೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ, ನಿಲ್ಲಲಾರದೆ ಅಂಗಾತ ಬಿದ್ದರು. ಕೈಯಿಂದ ಹಾರಿದ ಪ್ಲೇಟು, ಎರಡು ದ್ರಾವಣ ಬೆರೆಯದಂತೆ ತೊಟ್ಟಿಯೊಳಗೆ ಕಟ್ಟಿದ್ದ ಬಟ್ಟೆಯ ಚೀಲವನ್ನು ಹರಿಯಿತು. ಒಳಗಿನ ಆಮ್ಲದ ನೀರು, ಹೊರಗಿನ ನೀರು ಒಂದಾಗಿ ಆ ದಿನದ ಲೋಹವೆಲ್ಲ ಕರಗಿತು. ಸಾಹೇಬರು ಓಡಿ ಬಂದರು.

“ಏನೋ, ಹಗಲಹೊತ್ತಿನ್ಯಾಗ ಹಾಕ್ಕೊಂಡು ಬಂದೀಯೇನು?”

ಕಾಕಾ ಎದ್ದು ಕೂತು, ಮಾಳವನ್ನು ಹಿಡಿದು ಏನೋ ಹೇಳಿದರು. ಮಾತು ತೊದಲಿತು. ಆ ತೊದಲನ್ನು ಕೇಳಿ ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು. ನಾನೂ ನೋಡಿದೆ. ಕೊರಳಿನ ಮಾಳ ಕಣ್ಣೆದುರಿಗೇ ಇದ್ದರೂ, ಇವರು ಕುಡಿಯಲು ಹಿಡಿದಿದ್ದಾರೆ ಎಂದು ನಾನೂ ನಂಬಿದೆ.

ಸಾಹೇಬರು ಅವರನ್ನು ಕೆಲಸದಿಂದ ಬಿಡಿಸುವ ಮಾತಾಡಿದರು. ನಾನು ತಡೆದೆ.

“ಬ್ಯಾಡ್ರಿ ಸಾಹೇಬರ. ತೊಟ್ಟಿ ಕಡೆ ನೆಲಾ ಹಸಿ ಇರತೈತಿ, ಮತ್ತ ಬಿದ್ರ ಆ್ಯಸಿಡ್ಡಿನ್ಯಾಗ ಬೀಳ್ತಾರ. ಅವರನ್ನ ಪೂರಾ ದಿನ ಗಿರಣ್ಯಾಗ ಹಾಕ್ರಿ. ಅಲ್ಲಿ ಒಣಾ ಜಾಗಾ, ಕೂತು ಮಾಡೋ ಕೆಲಸ.”

“ನೀ ಅಂದಿ ಅಂತ ಇಟ್ಕೋತೇನವಾ,” ಎಂದರು ಸಾಹೇಬರು.

ಕಾಕಾರಿಗೆ ಉಪಕಾರ ಮಾಡಿದೆ ಎಂಬ ಸಮಾಧಾನದಲ್ಲಿ ನಾನು ಮನೆಗೆ ಹೋದೆ.

ಮಳೆಗಾಲ ಪೂರ್ತಿ ಕಾಕಾ ಆ ಶೆಡ್ಡಿನಲ್ಲಿದ್ದರು. ಬಾಗಿಲು ಮುಚ್ಚಿ, ಮೂಗಿಗೆ ಟವೆಲ್ ಕಟ್ಟಿಕೊಂಡು. ಊಟಕ್ಕೆ ಹೊರಬಂದರೆ ಹುಬ್ಬು, ಕಿವಿ, ಮಾಳದ ಮಣಿಗಳು ಎಲ್ಲ ಕಪ್ಪು. ನಾನು ಲ್ಯಾಬಿನಲ್ಲಿ ಕೂತು ದ್ರಾವಣದಲ್ಲಿ ಕೋಬಾಲ್ಟಿನ ಸುಳಿವು ಇದೆಯೇ ಎಂದು ಹನಿ ಹನಿ ಹುಡುಕುತ್ತಿದ್ದೆ. ಅಂಗಳ ದಾಟಿ ಇಪ್ಪತ್ತು ಹೆಜ್ಜೆ ಹೋಗಿ ಆ ಶೆಡ್ಡಿನ ಗಾಳಿಯಲ್ಲಿ ಏನಿದೆ ಎಂದು ಒಮ್ಮೆಯೂ ನೋಡಲಿಲ್ಲ. ಕಲಿತದ್ದು ರಸಾಯನಶಾಸ್ತ್ರವೇ.

ಚಳಿ ಶುರುವಾದಾಗ ಒಂದು ಬೆಳಿಗ್ಗೆ ಕಾಕಾರ ಹೆಂಡತಿ ಬಸ್ಸಿಳಿದು ನೇರ ನನ್ನ ಲ್ಯಾಬಿಗೆ ಬಂದರು. ಕಾಕು ಎಂದು ಎಲ್ಲರೂ ಕರೆಯುತ್ತಿದ್ದ, ಗಟ್ಟಿ ಕೈಗಳ, ಕಡಿಮೆ ಮಾತಿನ ಹೆಂಗಸು. ನಾನು ಕೊಟ್ಟ ಸ್ಟೂಲಿನ ಮೇಲೆ ಕೂರಲಿಲ್ಲ.

“ಬಾಯಾರ, ನೀವು ಓದಿದವ್ರು. ನಿಮಗ ಕೇಳಾಕ ಬಂದೇನಿ. ಊರಾಗ ಎಲ್ಲಾರೂ ಇವ್ರು ಕುಡೀತಾರ ಅಂತಾರ. ಅಂಗಿ ಗುಂಡಿ ನಾನ ಹಾಕ್ತೇನಿ. ಒಮ್ಮೊಮ್ಮೆ ಸುಮ್ಮನ ನಗ್ತಾರ, ಹಂಗ ನಗಕೋತ ಅಳ್ತಾರ. ಕುರ್ಚಿ ಮ್ಯಾಲಿಂದ ಏಳಾಕ ನಾ ಎಳೀಬೇಕು. ಕುಡದವ್ರು ಹೆಂಗಿರ್ತಾರ ನನಗ ಗೊತ್ತಿಲ್ಲೇನು? ನಮ್ಮಪ್ಪ ಕುಡದ ಕುಡದ ಸತ್ತ. ಇದು ಅದಲ್ಲ.”

ಡಾಕ್ಟರಿಗೆ ತೋರಿಸೋಣ ಎಂದೆ. ಅದೇ ವಾರ ಅಬ್ಬಾ ಒಬ್ಬರ ಗಾಡಿ ಗೊತ್ತುಮಾಡಿದರು. ನಾನು, ಕಾಕು ಸೇರಿ ಕಾಕಾರನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಕಾಕಾ ಮಾತಾಡಲಿಲ್ಲ. ಕಣ್ಣು ಮಿಟುಕಿಸುವುದೂ ಕಡಿಮೆಯಾಗಿತ್ತು.

ನರರೋಗದ ಡಾಕ್ಟರು ನನಗಿಂತ ತುಸು ದೊಡ್ಡ ಹೆಂಗಸು. ಕಾಕಾರನ್ನು ನಡೆಸಿದರು. ಅವರು ಹಿಮ್ಮಡಿ ಎತ್ತಿ, ಬೆರಳ ತುದಿಯ ಮೇಲೆ, ಕೋಳಿ ನಡೆದ ಹಾಗೆ ನಡೆದರು. ಹಿಂದಕ್ಕೆ ಒಂದು ಹೆಜ್ಜೆ ಇಡಿ ಎಂದಾಗ ಬೀಳುವವರಿದ್ದರು. ಡಾಕ್ಟರು ಮೊದಲೇ ಹಿಂದೆ ನಿಂತಿದ್ದರು. ಕಾಕಾರ ಕೈಯಿಂದಲೇ ಅವರ ಹೆಸರು ಬರೆಸಿ ನೋಡಿದರು. ಆಮೇಲೆ ಕೇಳಿದರು.

“ಇವರು ಏನು ಕೆಲಸ ಮಾಡ್ತಾರ್ರಿ?”

ಕಾಕು ನನ್ನ ಮುಖ ನೋಡಿದರು.

“ಮ್ಯಾಂಗನೀಸ್ ಫ್ಯಾಕ್ಟರಿ,” ಎಂದೆ. “ಅದಿರು ಬೀಸೋ ಗಿರಣ್ಯಾಗ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಎಷ್ಟು ದಿನದಿಂದ?”

ಮೊದಲು ಅರ್ಧ ದಿನ, ಈಗ ಐದು ತಿಂಗಳಿಂದ ಪೂರ್ತಿ ದಿನ ಎಂದು ಹೇಳಿದೆ. ಸ್ಕ್ಯಾನು, ರಕ್ತಪರೀಕ್ಷೆ ಆದವು. ಎರಡನೆಯ ಸಲ ಹೋದಾಗ ಅವರು ಬಿಡಿಸಿ ಹೇಳಿದರು. ಹುಡಿ ಉಸಿರಿನ ಜೊತೆ ಒಳಗೆ ಹೋಗಿ ಮಿದುಳಿನಲ್ಲಿ ಕೂತಿದೆ. ನೋಡಲು ಪಾರ್ಕಿನ್ಸನ್ ಕಾಯಿಲೆಯಂತೆ ಕಂಡರೂ ಇದು ಬೇರೆ; ಅದಕ್ಕೆ ಕೊಡುವ ಗುಳಿಗೆ ಇದಕ್ಕೆ ಹೆಚ್ಚು ನಾಟುವುದಿಲ್ಲ. ಆ ಹುಡಿಯಿಂದ ದೂರ ಇರಬೇಕು. ಹೋದದ್ದು ಪೂರ್ತಿ ವಾಪಸು ಬರುತ್ತದೆಂದು ಹೇಳಲಾರೆ.

ಕಾಕು ಒಂದೇ ಪ್ರಶ್ನೆ ಕೇಳಿದರು. “ಅಂದ್ರ ಕುಡದದ್ದಲ್ಲ?”

“ಅಲ್ರಿ ಅವ್ವಾ. ಒಂದು ಹನಿನೂ ಅಲ್ಲ.”

ಕಾಕು ಸೆರಗಿನಿಂದ ಗಂಡನ ಬಾಯಂಚು ಒರೆಸಿದರು. ಅಷ್ಟೇ.

ಮರುದಿನ ನಾನು ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಜಗಳವಾಡುತ್ತಾರೆ, ಡಾಕ್ಟರಿಗೆ ಏನು ಗೊತ್ತು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅಂಗೈಯಿಂದ ಮುಖ ಉಜ್ಜಿಕೊಂಡರು.

“ಬೆರಳ ಮ್ಯಾಲ ನಡೀತಾನ?” ಎಂದರು.

“ಹೌದ್ರಿ.”

“ಗಣ್ಯಾಗ ಎಷ್ಟೋ ಮಂದಿ ಹಂಗ ನಡೀತಿದ್ರವಾ. ಡ್ರಿಲ್ ಹೊಡಿಯೋರು. ಸುಮ್ಮನ ನಗೋರು, ಬೀಳೋರು. ಹೆಂಡಾ ಅಂತಿದ್ವಿ. ಮನಿಗೆ ಕಳಿಸ್ತಿದ್ವಿ. ನಾನ ಸಹಿ ಹಾಕಿ ಕಳಿಸೇನಿ.”

ಅವರು ಎದ್ದು ಗಿರಣಿ ಶೆಡ್ಡಿಗೆ ಹೋಗಿ ಸ್ವಿಚ್ಚು ಆರಿಸಿದರು. ಗಿರಣಿ ಹತ್ತಿರ ಆಗ ಕೆಲಸದಲ್ಲಿದ್ದವನಿಗೆ ಹೊರಗೆ ಬಾ ಎಂದರು. ಗೋಡೆಯ ಮೇಲಿನ ನನ್ನ ಚೀಟಿಯನ್ನು ನಾನು ಕಿತ್ತೆ. ಕಾರ್ಖಾನೆಗಳ ಕಾನೂನಿನ ಪುಸ್ತಕ ಸಾಹೇಬರ ಕಪಾಟಿನಲ್ಲೇ ಇತ್ತು. ತೆಗೆದು ನೋಡಿದರೆ, ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ ಮ್ಯಾಂಗನೀಸ್ ವಿಷದ ಹೆಸರು ಅಚ್ಚಾಗಿತ್ತು. ಕದ್ದುಮುಚ್ಚಿ ಇಟ್ಟದ್ದೇನಲ್ಲ. ಯಾರು ಬೇಕಾದರೂ ಓದಬಹುದಿತ್ತು.

ಆ ಭಾನುವಾರ ನಾನು ಒಬ್ಬಳೇ ಕಾಕಾರ ಹಳ್ಳಿಗೆ ಹೋದೆ. ರಸ್ತೆಯಿಂದ ಒಂದು ಮೈಲಿ ನಡೆಯಬೇಕು. ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಾಕು ಒಳಗೆ ಚಹಾ ಮಾಡುತ್ತಿದ್ದರು. ನಾನು ಕೆಳಗೆ ಕೂತು, ದಾರಿಯಲ್ಲಿ ಹತ್ತು ಸಲ ಅಂದುಕೊಂಡು ಬಂದದ್ದನ್ನು ಹೇಳಿದೆ.

“ಕಾಕಾ, ನಿಮ್ಮನ್ನ ಗಿರಣಿಗೆ ಹಾಕ್ರಿ ಅಂತ ಸಾಹೇಬರಿಗೆ ಹೇಳಿದಾಕಿ ನಾ. ಬಾಗಲಾ ಮುಚ್ಚರಿ ಅಂತ ಬರದಾಕಿನೂ ನಾನ. ಮತ್ತ… ನೀವು ಕುಡದೀರಿ ಅಂತ ನಾನೂ ತಿಳದಿದ್ದೆ.”

ಅವರ ಮುಖ ಹಾಗೆಯೇ ಇತ್ತು. ಸಿಟ್ಟೋ, ದುಃಖವೋ, ಕ್ಷಮೆಯೋ, ಏನೂ ಇಲ್ಲ. ಆ ಮುಖದ ಮೇಲೆ ಏನೂ ಮೂಡದಂತೆ ಮಾಡಿದ್ದು ನಮ್ಮ ಹುಡಿಯೇ. ಕಣ್ಣುಗಳು ಮಾತ್ರ ನನ್ನ ಕಡೆ ಇದ್ದವು. ಬೈದಿದ್ದರೆ, ಎದ್ದು ಒಳಗೆ ಹೋಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೆ ಒಂದೊಂದೇ ಶಬ್ದ ಹೊರಗೆ ಬಂತು.

“ಈಗ… ಗಿರಣ್ಯಾಗ… ಯಾರದಾರ?”

“ಯಾರೂ ಇಲ್ರಿ. ಬಂದ್ ಆಗೇತಿ.”

“ಯಾರನೂ… ಹಾಕಬ್ಯಾಡ್ರಿ.”

ಅವರು ನನಗೆ ಹೇಳಿದ ಕೊನೆಯ ಪೂರ್ತಿ ಮಾತು ಅದು. ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ಚಹಾ ತಂದ ಕಾಕು ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ನನಗ ಮೊದಲ ಹೇಳಬೇಕಿತ್ತು ನೀವು,” ಎಂದರು. ಆದರೂ ಕಪ್ಪು ನನ್ನ ಕೈಗೆ ಕೊಟ್ಟರು.

ನಾನು ಎಲ್ಲವನ್ನೂ ಕಾಗದದ ಮೇಲೆ ಬರೆದೆ. ಗಿರಣಿ ನೀರಿಲ್ಲದೆ ಒಣ ಅದಿರು ಬೀಸುತ್ತಿದ್ದದ್ದು, ಮುಚ್ಚಿದ ಬಾಗಿಲು, ಯಾರ ಮಾತಿನಿಂದ ಅವರು ಅಲ್ಲಿಗೆ ಹೋದರು ಎಂಬುದು, ತಾರೀಕು ಸಮೇತ. ಕಾರ್ಮಿಕ ಕಚೇರಿಗೆ ಕೊಡುವ ಮುನ್ನ ಸಾಹೇಬರ ಮುಂದಿಟ್ಟೆ. ಅವರ ಪಾಲುದಾರರೊಬ್ಬರು ಅಲ್ಲಿಯೇ ಕೂತಿದ್ದರು. ಬೇಡ, ವಕೀಲರನ್ನು ಕೇಳೋಣ ಎಂದರು. ಸಾಹೇಬರು ಎರಡು ಸಲ ಓದಿ, ಕೆಳಗೆ ತಮ್ಮ ಸಹಿ ಹಾಕಿ, “ಹೋಗಿ ಕೊಟ್ಟು ಬಾ,” ಎಂದರು. ಕೊಟ್ಟು ಬಂದೆ. ಓಡಾಟ ಬಹಳವಾಯಿತು, ಆದರೆ ಕಾಯಿಲೆ ಕೆಲಸದಿಂದಲೇ ಬಂದದ್ದೆಂದು ಒಪ್ಪಿಗೆಯಾಯಿತು. ಕಾಕಾರ ಔಷಧಿಗೂ ಮನೆಗೂ ಒಂದು ಆಧಾರವಾಯಿತು. ಕಾಕು ಆ ಒಪ್ಪಿಗೆಪತ್ರದ ಜೆರಾಕ್ಸ್ ಮಾಡಿಸಿಕೊಂಡು ಹಳ್ಳಿಯ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ ತೋರಿಸಿದರಂತೆ. ಕುಡುಕನಲ್ಲ ಎಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಆದರೂ ತೋರಿಸಿದರು.

ಪಾಲುದಾರರು ಬಿಟ್ಟುಹೋದ ಮೇಲೆ ಕಾರ್ಖಾನೆ ಉಳಿಯಲಿಲ್ಲ. ನೀರು ಹಾಕಿ ಬೀಸುವ ಗಿರಣಿ, ಹುಡಿ ಎಳೆದುಕೊಳ್ಳುವ ಫ್ಯಾನು, ಇವೆಲ್ಲದರ ನಕ್ಷೆ ಸಾಹೇಬರು ಬರೆದಿಟ್ಟಿದ್ದರು, ಕಟ್ಟಲು ಆಗಲಿಲ್ಲ. ತೊಟ್ಟಿಗಳನ್ನು ಬಿಚ್ಚಿದ ದಿನ ಹಳೆಯ ಡ್ರಮ್ಮನ್ನು ಕೊಳ್ಳಲು ಒಬ್ಬರು ಬಂದಿದ್ದರು. ನಾನು ಅವರ ಬಳಿ ಹೋಗಿ, ಇದರಲ್ಲಿ ಏನು ಬೀಸುತ್ತೀರಿ ಎಂದು ಕೇಳಿದೆ.

“ಇನ್ನೂ ಗೊತ್ತಿಲ್ಲ್ರಿ. ಏನಾರ ಸಿಕ್ಕದ್ದು.”

ನಾನು ಹುಡಿಯ ವಿಷಯ ಹೇಳಿದೆ. ಕಾಕಾರ ವಿಷಯವನ್ನೂ ಹೇಳಿದೆ. ಅವರು ಮರ್ಯಾದೆಯಿಂದ ತಲೆಯಾಡಿಸುತ್ತ ಪೂರ್ತಿ ಕೇಳಿ, ಆಮೇಲೆ ಕ್ರೇನಿನವನಿಗೆ ಎತ್ತು ಎಂದು ಕೈ ಮಾಡಿದರು.

ಈಗ ನಾನು ಹಳಿಯಾಳದಲ್ಲಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿದ್ದೇನೆ. ಸಾಹೇಬರು ಧಾರವಾಡಕ್ಕೆ ಹೋದರು; ಆಗಾಗ ಫೋನ್ ಮಾಡಿ, “ಹೆಂಗದಾನ?” ಎಂದಷ್ಟೇ ಕೇಳುತ್ತಾರೆ. ಹಳೆಯ ಗಣಿಯ ರಿಜಿಸ್ಟರುಗಳಲ್ಲಿ ಕುಡಿದದ್ದಕ್ಕೆಂದು ಬಿಡಿಸಿದವರ ಹೆಸರು ಹುಡುಕುತ್ತಿದ್ದೇನೆ ಎಂದು ಒಮ್ಮೆ ಹೇಳಿದರು. ಸಿಕ್ಕರೂ ಅವರಲ್ಲಿ ಬಹಳ ಮಂದಿ ಈಗ ಇಲ್ಲ.

ತಿಂಗಳಿಗೊಮ್ಮೆ ಹಳ್ಳಿಗೆ ಹೋಗುತ್ತೇನೆ. ಕಾಕಾರ ಮಾತು ಈಗ ಪೂರ್ತಿ ನಿಂತಿದೆ. ಬುದ್ಧಿ ಎಲ್ಲ ಸರಿ ಇದೆ ಎಂದು ಡಾಕ್ಟರು ಹೇಳುತ್ತಾರೆ. ನೋಡುವುದು, ಕೇಳುವುದು, ನೆನಪು, ಎಲ್ಲ. ಅದನ್ನು ಯೋಚಿಸಿದರೆ ನನಗೆ ಭಯವಾಗುತ್ತದೆ. ಹೋದ ಸಲ ಹೋದಾಗ ಕಾಕು ಅವರನ್ನು ಎರಡೂ ಕೈ ಹಿಡಿದು ಅಂಗಳದಲ್ಲಿ ನಡೆಸುತ್ತಿದ್ದರು. ಹಿಂದೆ ಬೀಳಬಾರದೆಂದು ನಾನು ಅವರ ಬೆನ್ನ ಹಿಂದೆ ನಿಂತೆ. ಮೂವರೂ ಅಂಗಳದ ಆ ತುದಿಗೆ ಹೋಗಿ, ಬಹಳ ಹೊತ್ತು ತೆಗೆದುಕೊಂಡು ತಿರುಗಿ, ಈ ತುದಿಗೆ ಬಂದೆವು. ಕಾಕು, “ಇನ್ನೊಂದು ಸುತ್ತು ಹೋಗೂಣು,” ಎಂದರು. ಹೋದೆವು.